ಮಾಂಗಸನ ಬೂದಿ, ಜಮುಖನ ಗೋರಿ

1204ನೇ ಇಸವಿ. ನೈಮನ್ ಕುಲದ ದೊರೆ ತಾಯಂಗ್ ಖಾನ್ ಬೆಟ್ಟದ ಬುಡದಲ್ಲಿ ನಿಂತು ಎದುರಿನಿಂದ ನುಗ್ಗಿ ಬರುತ್ತಿರುವ ದಂಡನ್ನು ನೋಡುತ್ತಿದ್ದಾನೆ. ದಂಡಿನ ಒಡೆಯ ತೆಮುಜಿನ್. ಇನ್ನೆರಡು ವರ್ಷ ಕಳೆದರೆ ಅವನೇ ಚೆಂಗಿಸ್ ಖಾನ್. ತಾಯಂಗ್ ಖಾನನ ಪಕ್ಕದಲ್ಲಿರುವವನು ಜಮುಖ. ಅವನು ತೆಮುಜಿನ್‌ನ ಬಾಲ್ಯದ ಗೆಳೆಯ. ಆಣೆಯಿಟ್ಟು ಅಣ್ಣತಮ್ಮಂದಿರಾಗಿದ್ದ ಇಬ್ಬರೂ ಈಗ ಎದುರಾಳಿಗಳು. ಬರುತ್ತಿರುವವರು ಯಾರೆಂದು ಖಾನ್ ಕೇಳುತ್ತಾ ಹೋಗುತ್ತಾನೆ, ಜಮುಖ ಒಬ್ಬೊಬ್ಬರನ್ನೇ ಬಣ್ಣಿಸುತ್ತಾ ಹೋಗುತ್ತಾನೆ. ಪ್ರತಿ ಬಣ್ಣನೆಗೂ ಖಾನನ ಎದೆ ಕುಸಿಯುತ್ತದೆ. ಅವನು ಬೆಟ್ಟವನ್ನು ಇನ್ನಷ್ಟು ಮೇಲಕ್ಕೆ ಹತ್ತುತ್ತಾನೆ. ತೆಮುಜಿನ್‌ನ ತಮ್ಮ ಖಸಾರ್‌ನ ಸರದಿ ಬಂದಾಗ, ಅವನು ಬತ್ತಳಿಕೆ ಸಮೇತ ಮನುಷ್ಯನನ್ನೇ ನುಂಗಬಲ್ಲವನು, ಹುಟ್ಟಿನಿಂದಲೇ ಮಾಂಗಸ ಎಂದು ಜಮುಖ ಹೇಳುತ್ತಾನೆ. ಆ ರಾತ್ರಿ ನೈಮನ್ನರು ಬೆಟ್ಟದಿಂದ ಇಳಿದು ಓಡಲು ಹೋಗಿ ಬಂಡೆಗಳಿಂದ ಉರುಳಿ ಬಿದ್ದು ಸತ್ತರು.

ಮಂಗೋಲರ ಅತಿ ಹಳೆಯ ಗ್ರಂಥವಾದ ‘ಮಂಗೋಲರ ರಹಸ್ಯ ಇತಿಹಾಸ’ದಲ್ಲಿ ಈ ಪ್ರಸಂಗವಿದೆ. ಚೆಂಗಿಸ್ ಖಾನನ ಮನೆತನದ ಕಡೆಯಿಂದ ಹದಿಮೂರನೇ ಶತಮಾನದಲ್ಲಿ ಬರೆಸಿದ ಕೃತಿ ಅದು. ಅದರಲ್ಲಿ ಆ ಮನೆತನದ ವೀರನೇ ಮಾಂಗಸ! ಮುಂದೆ ಶತಮಾನಗಳ ಕಾಲ ಮಂಗೋಲ್ ವೀರಕಾವ್ಯಗಳಲ್ಲಿ ಮಾಂಗಸನೆಂದರೆ ಹಲವು ತಲೆಯ ದೈತ್ಯ, ನಾಯಕನ ಪರಮ ವೈರಿ. ಆದರೆ ನೈಮನ್ನರ ಬೆಟ್ಟದ ಮೇಲೆ ನಿಂತು ನೋಡಿದವನಿಗೆ ಚೆಂಗಿಸ್ ಖಾನನ ತಮ್ಮನೇ ಹಾಗೆ ಕಂಡ. ವೀರ ಯಾರು, ದೈತ್ಯ ಯಾರು ಎಂಬುದು ನೋಡುವವನು ನಿಂತ ನೆಲದ ಮೇಲೆ ನಿಂತಿದೆ ಎಂಬ ಅರಿವು ಈ ಸಂಸ್ಕೃತಿಗೆ ಮೊದಲಿನಿಂದಲೂ ಇತ್ತು. ಹಾಗಾಗಿಯೇ ಇರಬೇಕು, ಮಂಗೋಲರ ಹಾಡುಗಾರರು ವೈರಿಗಳನ್ನೆಲ್ಲ ಒಂದೇ ರಾಶಿಗೆ ಹಾಕಲಿಲ್ಲ. ಯಾವ ವೈರಿಯನ್ನು ಸುಟ್ಟು ಬೂದಿ ಮಾಡಬೇಕು, ಯಾವ ವೈರಿಯನ್ನು ತಬ್ಬಿಕೊಳ್ಳಬೇಕು, ಯಾವನನ್ನು ಸಹಿಸಿಕೊಂಡು ಬಾಳಬೇಕು ಎಂದು ಅವರು ಬಿಡಿಸಿ ಬಿಡಿಸಿ ಹಾಡಿದರು. ವೈರತ್ವಕ್ಕೂ ಒಂದು ನ್ಯಾಯವಿದೆ, ಒಂದು ಎಲ್ಲೆ ಇದೆ ಎಂಬುದೇ ಆ ಹಾಡುಗಳ ತಿರುಳು ಎಂದು ನಾನು ನಂಬಿದ್ದೇನೆ.

ದೈತ್ಯನ ಬೀಡು

ವೀರಕಾವ್ಯವನ್ನು ಮಂಗೋಲರು ತೂಲಿ ಎನ್ನುತ್ತಾರೆ. ಕೆಲವು ನೂರು ಸಾಲುಗಳಿಂದ ಹಿಡಿದು ಹಲವು ಸಾವಿರ ಸಾಲುಗಳವರೆಗೆ ಬೆಳೆಯುವ ಈ ಹಾಡುಗಳಲ್ಲಿ ಎರಡು ಸಂಗತಿಗಳು ಮುಖ್ಯ. ಒಂದು, ನಾಯಕ ದೂರದೇಶದ ಹೆಣ್ಣನ್ನು ಗೆದ್ದು ತರುವುದು. ಇನ್ನೊಂದು, ಸೂರೆಹೋದ ಮನೆಯನ್ನು ಮರಳಿ ಕಟ್ಟುವುದು. ಎರಡನೆಯದರಲ್ಲಿ ಮಾಂಗಸ ಕಾಣಿಸಿಕೊಳ್ಳುತ್ತಾನೆ.

ಅವನಿಗೆ ಹನ್ನೆರಡು, ಹದಿನೈದು, ಇಪ್ಪತ್ತೈದು ತಲೆಗಳು. ಕೆಲವು ಕಥೆಗಳಲ್ಲಿ ತೊಂಬತ್ತೈದು. ಅವನ ಬೀಡು ಸಾಮಾನ್ಯವಾಗಿ ವಾಯವ್ಯ ದಿಕ್ಕಿನಲ್ಲಿ, ಹೊತ್ತು ಮುಳುಗುವ ಕಡೆ. ಅವನಿಗೂ ಮನೆಯಿದೆ, ದನಕುದುರೆಗಳ ಹಿಂಡಿದೆ, ಹೆಂಡತಿಯಿದ್ದಾಳೆ, ಮಗನಿಗಿಂತ ಭಯಂಕರಳಾದ ಮುದಿ ತಾಯಿಯಿದ್ದಾಳೆ. ಹುಲ್ಲುಗಾವಲಿನ ಅಲೆಮಾರಿ ಸಂಸಾರದಲ್ಲಿ ಏನೇನಿದೆಯೋ ಅದೆಲ್ಲವೂ ಅವನಲ್ಲಿದೆ. ಆದರೆ ಅವನು ಸಾಕಿ ಬೆಳೆಸಿದ್ದು ಕಡಿಮೆ, ಕದ್ದು ತಂದದ್ದೇ ಹೆಚ್ಚು. ಅವನ ಹೊಟ್ಟೆಯಲ್ಲಿ ನುಂಗಿದ ಜನರಿದ್ದಾರೆ, ಹಿಂಡುಗಳಿವೆ. ನಾಯಕ ಅವನ ಹೊಟ್ಟೆಯನ್ನು ಸೀಳಿದಾಗ ಅವೆಲ್ಲ ಜೀವಸಹಿತ ಹೊರಬರುತ್ತವೆ. ಅವನ ಪ್ರಾಣ ಅವನ ಮೈಯಲ್ಲಿಲ್ಲ. ಎಲ್ಲೋ ದೂರದಲ್ಲಿ, ಪ್ರಾಣಿಯ ಒಡಲಲ್ಲೋ ಪೆಟ್ಟಿಗೆಯಲ್ಲೋ ಹಕ್ಕಿಯಲ್ಲೋ ಅಡಗಿದೆ. ಆ ಗುಟ್ಟು ಸಿಗುವವರೆಗೂ ಅವನ ತಲೆಗಳನ್ನು ಕಡಿದು ಫಲವಿಲ್ಲ.

ಮಾಂಗಸ ದಾಳಿ ಮಾಡುವುದು ನಾಯಕ ಮನೆಯಲ್ಲಿಲ್ಲದ ಹೊತ್ತು ನೋಡಿ. ನಾಯಕ ಬೇಟೆಗೋ ದೂರದ ಪಯಣಕ್ಕೋ ಹೋಗಿರುತ್ತಾನೆ, ಇಲ್ಲವೇ ಗಾಢ ನಿದ್ದೆಯಲ್ಲಿರುತ್ತಾನೆ. ಮರಳಿ ಬಂದು ನೋಡಿದರೆ ಗುಡಾರವಿದ್ದ ಜಾಗದಲ್ಲಿ ಆರಿದ ಒಲೆ. ಹೆಂಡತಿ ಇಲ್ಲ, ಪ್ರಜೆಗಳಿಲ್ಲ, ಕುದುರೆಗಳಿಲ್ಲ. ಮುದಿ ತಂದೆತಾಯಿ ಯಾರದೋ ಹಿಂಡು ಕಾಯುವ ಗುಲಾಮರಾಗಿದ್ದಾರೆ. ಕೇಳುಗರಿಗೆ ಇದು ಬರೀ ಕಲ್ಪನೆಯಾಗಿರಲಿಲ್ಲ. ಅವರ ಅಜ್ಜಂದಿರು ಕಂಡ ಬದುಕೇ ಇದು.

ಬೋರ್ತೆಯನ್ನು ಒಯ್ದವರು

ಹನ್ನೆರಡನೇ ಶತಮಾನದ ಕೊನೆಯ ಭಾಗದಲ್ಲಿ ಒಂದು ನಸುಕಿನಲ್ಲಿ ಮೆರ್ಕಿತ್ ಕುಲದ ಮುನ್ನೂರು ಸವಾರರು ತೆಮುಜಿನ್‌ನ ಬೀಡಿನ ಮೇಲೆ ಬಿದ್ದರು. ಅವನು ಬುರ್ಖಾನ್ ಖಲ್ದುನ್ ಬೆಟ್ಟದಲ್ಲಿ ತಲೆಮರೆಸಿಕೊಂಡು ಪ್ರಾಣ ಉಳಿಸಿಕೊಂಡ. ಹೊಸ ಹೆಂಡತಿ ಬೋರ್ತೆ ವೈರಿಗಳ ಪಾಲಾದಳು. ಕೆರೆಯಿತ್ ದೊರೆ ತೊಘ್ರುಲ್ ಮತ್ತು ಗೆಳೆಯ ಜಮುಖನ ನೆರವಿನಿಂದ ತೆಮುಜಿನ್ ಅವಳನ್ನು ಮರಳಿ ತಂದ. ಆಮೇಲೆ ಹುಟ್ಟಿದ ಹಿರಿಯ ಮಗ ಜೋಚಿಯ ತಂದೆ ಯಾರೆಂಬ ಅನುಮಾನ ಆ ಮನೆತನವನ್ನು ಕೊನೆಯವರೆಗೂ ಕಾಡಿತು. ತನ್ನನ್ನು ಹುಡುಕಿ ಬೆಟ್ಟ ಸುತ್ತಿದ ಆ ಮುನ್ನೂರು ಮಂದಿಯನ್ನು ತೆಮುಜಿನ್ ಸಂತತಿ ಸಮೇತ ಅಳಿಸಿಹಾಕಿದನೆಂದೂ ಅವರು ಬೂದಿಯಂತೆ ಹಾರಿಹೋದರೆಂದೂ ರಹಸ್ಯ ಇತಿಹಾಸ ಹೇಳುತ್ತದೆ.

ವೀರಕಾವ್ಯದ ಕಥೆಗೂ ಈ ಚರಿತ್ರೆಗೂ ಎಷ್ಟು ನಂಟು! ನಾಯಕನಿಲ್ಲದ ಬೀಡು, ಅಪಹೃತಳಾದ ಹೆಂಡತಿ, ಬೂದಿಯಾಗುವ ವೈರಿ. ಒಂದೇ ಒಂದು ಸಂಗತಿ ಮಾತ್ರ ಬೇರೆ. ಅದೇ ಬಹಳ ದೊಡ್ಡದು. ಮೆರ್ಕಿತರಿಗೆ ಒಂದು ನೋವಿತ್ತು. ತೆಮುಜಿನ್‌ನ ತಾಯಿ ಹೊಎಲುನ್ ಮೊದಲು ಮೆರ್ಕಿತರ ಚಿಲೆದು ಎಂಬವನ ವಧುವಾಗಿದ್ದಳು. ತೆಮುಜಿನ್‌ನ ತಂದೆ ಯೆಸುಗೆಯ್ ಅವಳನ್ನು ದಾರಿಯಲ್ಲೇ ಅಡ್ಡಗಟ್ಟಿ ಕಸಿದು ತಂದಿದ್ದ. ಬೋರ್ತೆಯನ್ನು ಒಯ್ದವರು ಆ ಹಳೆಯ ಲೆಕ್ಕ ತೀರಿಸಲು ಬಂದವರು. ಬೋರ್ತೆಯನ್ನು ಅವರು ಚಿಲೆದುವಿನ ತಮ್ಮನಿಗೇ ಕೊಟ್ಟರು.

ಮಾಂಗಸನಿಗೆ ಇಂಥ ಲೆಕ್ಕವೇ ಇಲ್ಲ. ಅವನ ತಂದೆಗೆ, ಅಣ್ಣನಿಗೆ ಯಾರೂ ಅನ್ಯಾಯ ಮಾಡಿಲ್ಲ. ಹಸಿವು, ಆಸೆ, ಮದ ಇವಿಷ್ಟೇ ಅವನ ಕಾರಣಗಳು. ವೀರಕಾವ್ಯ ಮಾಡಿದ ದೊಡ್ಡ ಕೆಲಸ ಇದು ಎಂದು ನನಗೆ ತೋರುತ್ತದೆ. ಚರಿತ್ರೆಯ ವೈರಿಯಲ್ಲಿ ನ್ಯಾಯ ಅನ್ಯಾಯಗಳು ಬೆರೆತಿರುತ್ತವೆ. ಹಾಡುಗಾರ ಅದರಿಂದ ಕ್ಷಮೆಗೆ ನಿಲುಕದ ಕೇಡನ್ನಷ್ಟೇ ಸೋಸಿ ತೆಗೆದು ಅದಕ್ಕೆ ತಲೆಗಳನ್ನು ಜೋಡಿಸಿ ಮಾಂಗಸ ಎಂದ. ಉಳಿದ ವೈರಿಯನ್ನು ಮನುಷ್ಯನಾಗಿಯೇ ಉಳಿಸಿದ.

ವೈರಿಯೇ ಬಂಧುವಾದಾಗ

ಹಾಗೆ ಮನುಷ್ಯರಾಗಿ ಉಳಿದ ವೈರಿಗಳನ್ನು ನೋಡಲು ಮಂಗೋಲರ ಪಶ್ಚಿಮದ ಶಾಖೆಗಳಾದ ಓಯ್ರಾತ್ ಮತ್ತು ಕಲ್ಮೀಕ್ ಜನರ ‘ಜಾಂಗರ್’ ಕಾವ್ಯಕ್ಕೆ ಬರಬೇಕು. ಜಾಂಗರ್ ಎರಡು ವರ್ಷದ ಕೂಸಾಗಿದ್ದಾಗ ಮಾಂಗಸ ಅವನ ನಾಡನ್ನು ಹಾಳುಗೆಡವುತ್ತಾನೆ. ಅನಾಥ ಬಾಲಕ ಬೆಳೆದು ಬುಂಬಾ ಎಂಬ ನಾಡನ್ನು ಕಟ್ಟುತ್ತಾನೆ. ಅಲ್ಲಿ ಚಳಿಗಾಲವಿಲ್ಲ, ಸಾವಿಲ್ಲ, ಎಲ್ಲರೂ ಇಪ್ಪತ್ತೈದರ ಪ್ರಾಯದಲ್ಲೇ ಇರುತ್ತಾರೆ.

ಆದರೆ ಆ ನಾಡಿನ ಕಂಬಗಳಂತೆ ನಿಂತ ವೀರರು ಯಾರು? ಬಾಲಕ ಜಾಂಗರನನ್ನು ಸೆರೆಹಿಡಿದು, ಇವನು ಮುಂದೆ ಅಪಾಯ ತರುತ್ತಾನೆಂದು ಕೊಲ್ಲಲು ಹೊರಟವನು ಶಿಗ್‌ಶಿರ್ಗೆ. ಅವನ ಐದು ವರ್ಷದ ಮಗ ಖೋಂಗರ್ ಜಾಂಗರನ ಮೈಮೇಲೆ ಅಡ್ಡಬಿದ್ದು ಅಪ್ಪನನ್ನು ತಡೆಯುತ್ತಾನೆ. ಆ ಖೋಂಗರನೇ ಮುಂದೆ ಜಾಂಗರನ ಜೀವದ ಗೆಳೆಯ, ಕಾವ್ಯದ ಮಹಾವೀರ. ಕುದುರೆಗಳನ್ನು ಹೊಡೆದುಕೊಂಡು ಹೋಗಲು ಬಂದ ಜಾಂಗರನಿಗೆ ಬಾಣ ಬಿಟ್ಟವನು ಅಲ್ತಾನ್ ಚೇಜಿ. ಅವನೇ ಮುಂದೆ ಜಾಂಗರನ ಬಲಗಡೆ ಕೂರುವ ಮುಖ್ಯ ಮಂತ್ರಾಲೋಚಕ, ಭೂತಭವಿಷ್ಯಗಳನ್ನು ಬಲ್ಲ ಜ್ಞಾನಿ. ನಾಯಕನ ಆಸ್ಥಾನದಲ್ಲಿ ಕುಳಿತವರಲ್ಲಿ ಹಳೆಯ ವೈರಿಗಳ ಮುಖಗಳೇ ಎದ್ದು ಕಾಣುತ್ತವೆ.

ಮನುಷ್ಯ ವೈರಿಯೊಂದಿಗಿನ ಕಾದಾಟಕ್ಕೆ ತೂಲಿಗಳಲ್ಲಿ ಕಟ್ಟುನಿಟ್ಟಾದ ನಡೆನುಡಿಯಿದೆ. ಮೊದಲು ಕುಲಗೋತ್ರ ಕೇಳಬೇಕು. ಬಾಣವನ್ನು ಸರದಿಯಂತೆ ಬಿಡಬೇಕು. ಬಾಣದಿಂದ ತೀರದಿದ್ದರೆ ಆಯುಧ ಕೆಳಗಿಟ್ಟು ಕುಸ್ತಿಗೆ ಇಳಿಯಬೇಕು. ಕೆಡವಿದ ಮೇಲೂ ಕೂಡಲೇ ಕೊಲ್ಲುವಂತಿಲ್ಲ. ಸಾಯುವ ಗಂಡಸಿಗೆ ಇರುವ ಮೂರು ಕೊರಗುಗಳೇನು ಎಂದು ಕೇಳಬೇಕು. ಬಿದ್ದವನು ಮನಸ್ಸಿನಲ್ಲಿ ಉಳಿದುಹೋದದ್ದನ್ನು ಹೇಳುತ್ತಾನೆ. ಕೆಲವೊಮ್ಮೆ ಆ ಮಾತಿನಲ್ಲೇ ವೈರ ಕರಗಿ ಇಬ್ಬರೂ ಆಣೆಯಿಟ್ಟು ಅಣ್ಣತಮ್ಮಂದಿರಾಗುತ್ತಾರೆ.

ಮಾಂಗಸನಿಗೆ ಈ ಯಾವ ಮರ್ಯಾದೆಯೂ ಇಲ್ಲ. ಅವನನ್ನು ಕೊಂದು, ಸುಟ್ಟು, ಬೂದಿಯನ್ನು ಗಾಳಿಗೆ ತೂರಬೇಕು. ಅವನ ತಾಯಿ ಉಳಿಯಬಾರದು, ಹೆಂಡತಿ ಉಳಿಯಬಾರದು. ಅವಳ ಬಸಿರಿನಿಂದ ಅವಧಿಗೆ ಮುನ್ನವೇ ಹೊರಬಿದ್ದು ನಾಯಕನ ಮೇಲೆ ಎರಗುವ ಕಬ್ಬಿಣದ ಮೈಯ ಕೂಸೂ ಉಳಿಯಬಾರದು. ಕೇಳಲು ಮೈ ನಡುಗಿಸುವ ಭಾಗ ಅದು. ಹಾಡುಗಾರರು ಅದನ್ನು ಮೃದು ಮಾಡಲಿಲ್ಲ. ಕೇಡಿನ ಒಂದು ಕಿಡಿ ಉಳಿದರೂ ಸಾಕು, ಲೋಕ ಮತ್ತೆ ಉರಿಯುತ್ತದೆ ಎಂದು ಅವರು ನಂಬಿದ್ದರು.

ಚರಿತ್ರೆಯ ಜಮುಖನ ಕೊನೆ ಮನುಷ್ಯ ವೈರಿಗೆ ಸಲ್ಲುವ ಕೊನೆ. ಅವನ ಸಂಗಡಿಗರೇ ಅವನನ್ನು ಹಿಡಿದು ತೆಮುಜಿನ್‌ಗೆ ಒಪ್ಪಿಸಿದರು. ಒಡೆಯನ ಮೇಲೆ ಕೈಮಾಡಿದವರೆಂದು ತೆಮುಜಿನ್ ಆ ಸಂಗಡಿಗರನ್ನೇ ಕೊಲ್ಲಿಸಿದ. ಜಮುಖನಿಗೆ ಮತ್ತೆ ಗೆಳೆತನದ ಕೈ ಚಾಚಿದ. ಜಮುಖ ಒಪ್ಪಲಿಲ್ಲ. ರಕ್ತ ಚೆಲ್ಲದಂತೆ ಸಾಯಿಸು ಎಂದು ಕೇಳಿಕೊಂಡ. ಹಾಗೆಯೇ ಸತ್ತ, ಗೌರವದಿಂದ ಮಣ್ಣಾದ. ರಹಸ್ಯ ಇತಿಹಾಸ ಹೇಳುವ ಈ ಕಥೆಯಲ್ಲಿ ಗೆದ್ದವನ ಕಡೆಯವರು ಸೋತವನ ಬಾಯಲ್ಲಿ ಎಷ್ಟು ಘನತೆಯ ಮಾತುಗಳನ್ನಿಟ್ಟಿದ್ದಾರೆ!

ಮನೆಯೊಳಗಿನ ಚೋತೋನ್

ಮೂರನೆಯ ಬಗೆಯ ಕೇಡಿಗ ಹೊರಗಿನವನಲ್ಲ. ಅವನನ್ನು ಕಾಣಬೇಕಾದರೆ ‘ಗೆಸೆರ್’ ಕಥೆಗೆ ಹೋಗಬೇಕು. ಟಿಬೆಟಿನಲ್ಲೂ ಮಂಗೋಲರಲ್ಲೂ ಹಬ್ಬಿರುವ ಈ ಮಹಾಕಥನ 1716ರಲ್ಲಿ, ಕಾಂಗ್ಶಿ ಚಕ್ರವರ್ತಿಯ ಕಾಲದಲ್ಲಿ, ಬೀಜಿಂಗ್‌ನಲ್ಲಿ ಮರದಚ್ಚಿನಿಂದ ಏಳು ಅಧ್ಯಾಯಗಳ ಮಂಗೋಲ್ ಪುಸ್ತಕವಾಗಿ ಹೊರಬಂತು.

ಆ ಪುಸ್ತಕದ ಮೊದಲಲ್ಲೇ ಒಂದು ಮರೆವಿದೆ. ಐನೂರು ವರ್ಷ ಕಳೆದ ಮೇಲೆ ಭೂಮಿ ಕೆಡುತ್ತದೆ, ಆಗ ನಿನ್ನ ಮಗನನ್ನು ಅಲ್ಲಿಗೆ ಕಳಿಸು ಎಂದು ಬುದ್ಧನು ದೇವತೆಗಳ ಒಡೆಯ ಖೋರ್ಮುಸ್ತನಿಗೆ ಹೇಳಿರುತ್ತಾನೆ. ಖೋರ್ಮುಸ್ತ ಮರೆಯುತ್ತಾನೆ. ಏಳುನೂರು ವರ್ಷಗಳಾದಾಗ ಅವನ ನಗರದ ಕೋಟೆಯೇ ಕುಸಿದು ನೆನಪಿಸಬೇಕಾಗುತ್ತದೆ. ಆಗ ಅವನ ಮಗ ಭೂಮಿಯಲ್ಲಿ ಗೆಸೆರ್ ಆಗಿ ಹುಟ್ಟುತ್ತಾನೆ. ಬೈಕಲ್ ಸರೋವರದ ಸುತ್ತಲಿನ ಬುರಿಯಾತರು ಹಾಡುವ ಪಾಠದಲ್ಲಿ ಕಥೆ ಇನ್ನೂ ಕಠೋರ. ಅಲ್ಲಿ ಪಶ್ಚಿಮದ 55 ದೇವತೆಗಳಿಗೂ ಪೂರ್ವದ 44 ದೇವತೆಗಳಿಗೂ ಜಗಳ. ಸೋತ ಆತಾಯ್ ಉಲಾನ್‌ನ ದೇಹವನ್ನು ತುಂಡರಿಸಿ ಭೂಮಿಗೆ ಎಸೆಯುತ್ತಾರೆ. ಆ ತುಂಡುಗಳೇ ದೈತ್ಯರಾಗಿ, ರೋಗಗಳಾಗಿ ಮನುಷ್ಯರನ್ನು ಕಾಡುತ್ತವೆ. ಮೇಲಿನವರು ತಮ್ಮ ಜಗಳದ ಕಸವನ್ನು ಕೆಳಗೆ ಸುರಿದರು, ಅದನ್ನು ಗುಡಿಸಲು ಮೇಲಿನವರ ಮಗನೇ ಇಳಿದು ಬರಬೇಕಾಯಿತು. ಕೇಡಿನ ಹೊಣೆಯನ್ನು ದೇವರುಗಳ ಹೆಗಲಿಗೂ ಹೊರಿಸುವ ಧೈರ್ಯ ಈ ಹಾಡುಗಾರರಿಗಿತ್ತು.

ಗೆಸೆರ್‌ನ ಮನೆಯಲ್ಲಿ ಚೋತೋನ್ ಇದ್ದಾನೆ. ತಂದೆಯ ಒಡಹುಟ್ಟಿದವನು. ಹೇಡಿ, ಆಸೆಬುರುಕ, ಬಡಾಯಿಗಾರ. ಚೋತೋನ್‌ನ ಸಂಚಿಗೂ ಮಾಂಗಸ ತಂದ ಕಾಯಿಲೆಗೂ ಸಿಕ್ಕಿ ಗೆಸೆರ್‌ನ ಹೆಂಡತಿ ಹನ್ನೆರಡು ತಲೆಯ ಮಾಂಗಸನ ಬೀಡು ಸೇರುತ್ತಾಳೆ. ಗೆಸೆರ್ ಅಲ್ಲಿಗೆ ಹೋಗುತ್ತಾನೆ. ಅವಳೇ ಮಾಂಗಸನಿಂದ ಪ್ರಾಣದ ಗುಟ್ಟನ್ನು ಹೊರಡಿಸಿಕೊಡುತ್ತಾಳೆ. ಮಾಂಗಸ ಸಾಯುತ್ತಾನೆ. ಕಥೆ ಅಲ್ಲಿಗೆ ಮುಗಿಯಬಹುದಿತ್ತು. ಮುಗಿಯುವುದಿಲ್ಲ. ಅವಳು ಕೊಟ್ಟ ಮರೆವಿನ ಆಹಾರವನ್ನು ಉಂಡು ಗೆಸೆರ್ ತನ್ನ ನಾಡನ್ನೇ ಮರೆತು ವರ್ಷಗಟ್ಟಲೆ ಅಲ್ಲೇ ಉಳಿದುಬಿಡುತ್ತಾನೆ. ಆ ಹೊತ್ತಿಗೆ ಶರೈಗೋಲ್‌ನ ಮೂವರು ಖಾನರು ಅವನ ನಾಡಿನ ಮೇಲೆ ದಂಡೆತ್ತಿ ಬರುತ್ತಾರೆ. ಚೋತೋನ್ ವೈರಿಗಳ ಜೊತೆ ಸೇರುತ್ತಾನೆ. ಗೆಸೆರ್‌ನ ಅಣ್ಣ, ವೀರಾಧಿವೀರ ಜಸ, ಹೋರಾಡುತ್ತಾ ಮಡಿಯುತ್ತಾನೆ. ಇನ್ನೊಬ್ಬ ಹೆಂಡತಿ ರೋಗ್ಮೋ ಗೋವಾ ಅಪಹೃತಳಾಗುತ್ತಾಳೆ. ದೈತ್ಯನನ್ನು ಕೊಂದ ವೀರನನ್ನು ಸೋಲಿಸಿದ್ದು ಅವನ ಗೆಲುವಿನ ಅಮಲು ಮತ್ತು ಸ್ವಂತ ಮನೆಯವನ ದ್ರೋಹ.

ಚೋತೋನ್ ಮತ್ತೆ ಮತ್ತೆ ಸಿಕ್ಕಿಬೀಳುತ್ತಾನೆ, ಅವಮಾನ ಪಡುತ್ತಾನೆ, ಪೆಟ್ಟು ತಿನ್ನುತ್ತಾನೆ, ಮತ್ತೆ ಮತ್ತೆ ಬದುಕಿಕೊಳ್ಳುತ್ತಾನೆ. ಹನ್ನೆರಡು ತಲೆಯವನನ್ನು ಕೊಲ್ಲಬಲ್ಲ ಗೆಸೆರ್‌ಗೆ ರಕ್ತಸಂಬಂಧಿಯೊಂದಿಗೆ ಬಾಳದೆ ಗತಿಯಿಲ್ಲ. ಅಲೆಮಾರಿ ಬದುಕಿನಲ್ಲಿ ಬಂಧುವನ್ನು ಕಳೆದುಕೊಂಡವನು ಹಿಮಗಾಳಿಗೆ ಒಂಟಿಯಾಗಿ ಸಿಕ್ಕಂತೆ. ಬಂಧು ಕೆಟ್ಟವನಾದರೂ ಅವನನ್ನು ಕಾಯಬೇಕು, ಅವನಿಂದ ತನ್ನನ್ನೂ ಕಾದುಕೊಳ್ಳಬೇಕು. ಈ ನೋವಿನ ವಿವೇಕವನ್ನು ಚೋತೋನ್ ಪಾತ್ರ ಕಲಿಸಿತು.

ಅದೇ ಪುಸ್ತಕದ ಆರನೇ ಅಧ್ಯಾಯದಲ್ಲಿ ಒಬ್ಬ ಮಾಂಗಸ ಲಾಮಾನ ವೇಷದಲ್ಲಿ ಬರುತ್ತಾನೆ. ಆಶೀರ್ವಾದಕ್ಕೆ ತಲೆಬಾಗಿದ ಗೆಸೆರ್‌ನನ್ನು ಕತ್ತೆಯನ್ನಾಗಿ ಮಾಡುತ್ತಾನೆ. ಅವನನ್ನು ಬಿಡಿಸಿ ತರುವವಳು ಅವನ ವೀರಪತ್ನಿ ಅಜು ಮೆರ್ಗೆನ್. ಬೌದ್ಧ ವಿಹಾರಗಳ ಪ್ರಭಾವ ಮಂಗೋಲರಲ್ಲಿ ಏರುತ್ತಿದ್ದ ಕಾಲದಲ್ಲೇ, ಬುದ್ಧನ ಆಣತಿಯಿಂದ ಶುರುವಾಗುವ ಪುಸ್ತಕದಲ್ಲೇ, ಪವಿತ್ರ ವೇಷದ ಹಿಂದೆಯೂ ಮಾಂಗಸನಿರಬಹುದು ಎಂಬ ಎಚ್ಚರ ಅಚ್ಚಾಯಿತು.

ನಮ್ಮ ರಾವಣನೂ ಈ ಲೋಕಕ್ಕೆ ಅಪರಿಚಿತನಲ್ಲ. ರಾಮಾಯಣದ ಕಥೆ ಟಿಬೆಟಿನ ದಾರಿಯಾಗಿ ಮಂಗೋಲರನ್ನೂ ತಲುಪಿತು. ಅಲ್ಲಿನ ದೊಡ್ಡ ವಿದ್ವಾಂಸ ದಾಮ್ದಿನ್‌ಸುರೆನ್ ಆ ಪಾಠಗಳನ್ನು ಹುಡುಕಿ ಅಧ್ಯಯನ ಮಾಡಿದರು. ಹಲವು ತಲೆಯ ಅರಸ, ದೂರದ ಬೀಡು, ಅಪಹೃತಳಾದ ಹೆಂಡತಿ ಎಂದರೆ ಮಂಗೋಲ್ ಕೇಳುಗರಿಗೆ ಹೊಸದೇನೂ ಆಗಿರಲಿಕ್ಕಿಲ್ಲ.

ಹಾಡಿನ ಕಟ್ಟಳೆ

ಇಷ್ಟು ಭಾರದ ಕಥೆಯನ್ನು ಹೊತ್ತುಗೊತ್ತಿಲ್ಲದೆ ಹಾಡುವಂತಿರಲಿಲ್ಲ. ರಷ್ಯಾದ ವಿದ್ವಾಂಸ ವ್ಲಾದಿಮಿರ್ತ್ಸೋವ್ 1911ರಿಂದ ಕೆಲವು ವರ್ಷ ವಾಯವ್ಯ ಮಂಗೋಲಿಯಾದಲ್ಲಿ ಓಡಾಡಿ, ಪಾರ್ಚಿನ್ ಎಂಬ ಹೆಸರಾಂತ ಹಾಡುಗಾರನಿಂದ ಹಲವು ತೂಲಿಗಳನ್ನು ಬರೆದುಕೊಂಡು 1923ರಲ್ಲಿ ಪ್ರಕಟಿಸಿದರು. ಆ ಸೀಮೆಯ ಪದ್ಧತಿಯಲ್ಲಿ ತೂಲಿ ಚಳಿಗಾಲದ ರಾತ್ರಿಯ ಹಾಡು. ಧೂಪ ಹಾಕಿ, ತೋವ್‌ಶೂರ್ ಎಂಬ ಎರಡು ತಂತಿಯ ವಾದ್ಯ ಹಿಡಿದು, ಮೊದಲು ಅಲ್ತಾಯ್ ಪರ್ವತವನ್ನು ಹಾಡಿ ಹೊಗಳಬೇಕು. ಆಮೇಲೆ ಎದೆಯಾಳದ ಗಡಸು ದನಿಯಲ್ಲಿ ಕಥೆ. ಶುರುಮಾಡಿದ ತೂಲಿಯನ್ನು ಅರ್ಧಕ್ಕೆ ಬಿಡಬಾರದು. ಬೇಟೆ ಸಿಗದಿದ್ದರೆ, ರೋಗ ಬಂದರೆ, ಬರ ಬಿದ್ದರೆ ಹಾಡಿಸುತ್ತಿದ್ದರು. ಗೆಸೆರ್ ಕಥೆಯನ್ನು ಓದಿಸಿದರೆ ದನಕರುಗಳ ಬೇನೆ ದೂರವಾಗುತ್ತದೆ ಎಂಬ ನಂಬಿಕೆಯೂ ಇತ್ತು. ಹಾಡಿನಲ್ಲಿ ಮಾಂಗಸ ಸತ್ತರೆ ಬೀಡಿನ ರೋಗವೂ ಸಾಯುತ್ತದೆ. ನಡುವೆ ನಿಲ್ಲಿಸಿದರೆ? ಕೇಡನ್ನು ಕರೆದು ಕೂರಿಸಿ ಕೊಲ್ಲದೆ ಬಿಟ್ಟಂತೆ.

ಇಪ್ಪತ್ತನೇ ಶತಮಾನದ ಪರೀಕ್ಷೆ

ಕಲ್ಮೀಕರು ಹದಿನೇಳನೇ ಶತಮಾನದಲ್ಲಿ ಪೂರ್ವದಿಂದ ವಲಸೆ ಬಂದು ವೋಲ್ಗಾ ನದಿಯ ಬಯಲಿನಲ್ಲಿ ನೆಲೆಸಿದರು. 1771ರ ಜನವರಿಯಲ್ಲಿ ಅವರಲ್ಲಿ ಬಹುಪಾಲು ಜನ ಉಬಾಶಿ ಖಾನನ ಜೊತೆ ಪೂರ್ವದ ತಾಯ್ನೆಲಕ್ಕೆ ಹಿಂತಿರುಗಲು ಹೊರಟು ದಾರಿಯಲ್ಲಿ ಭಾರೀ ಸಾವುನೋವು ಕಂಡರು. ಹೀಗೆ ಜಾಂಗರ್‌ನ ಹಾಡು ವೋಲ್ಗಾ ತೀರದಲ್ಲೂ ಇಂದಿನ ಚೀನಾದ ಶಿಂಜಿಯಾಂಗ್‌ನಲ್ಲೂ ಉಳಿಯಿತು. ವೋಲ್ಗಾ ಕಡೆಯ ಏಲ್ಯಾನ್ ಓವ್ಲಾ ಎಂಬ ಹಾಡುಗಾರನ ಬಾಯಿಂದ ನೋಮ್ತೊ ಓಚಿರೋವ್ ಎಂಬ ಕಲ್ಮೀಕ್ ವಿದ್ಯಾರ್ಥಿ 1908ರಲ್ಲಿ ಹತ್ತು ಹಾಡುಗಳನ್ನು ಬರೆದುಕೊಂಡ. 1910ರಲ್ಲಿ ಅವು ಪ್ರಕಟವಾದವು. 1940ರಲ್ಲಿ ಸೋವಿಯತ್ ಸರ್ಕಾರವೇ ಮುಂದೆ ನಿಂತು ಜಾಂಗರ್‌ಗೆ 500 ವರ್ಷ ತುಂಬಿತೆಂದು ಹಬ್ಬ ಮಾಡಿತು.

ಮೂರೇ ವರ್ಷ. 1943ರ ಡಿಸೆಂಬರ್ ಕೊನೆಯಲ್ಲಿ, ಜರ್ಮನರಿಗೆ ನೆರವಾದರೆಂಬ ಆರೋಪವನ್ನು ಇಡೀ ಜನಾಂಗದ ಮೇಲೆ ಹೊರಿಸಿ, ಸ್ಟಾಲಿನ್ ಸರ್ಕಾರ 90 ಸಾವಿರಕ್ಕೂ ಹೆಚ್ಚು ಕಲ್ಮೀಕರನ್ನು ರೈಲುಗಳಲ್ಲಿ ತುಂಬಿ ಸೈಬೀರಿಯಾಕ್ಕೆ ಗಡೀಪಾರು ಮಾಡಿತು. ಮುದುಕರು, ಹೆಂಗಸರು, ಎಳೆಯ ಕೂಸುಗಳು ಯಾರಿಗೂ ವಿನಾಯಿತಿ ಇರಲಿಲ್ಲ. ಸಾವಿರಾರು ಜನ ದಾರಿಯಲ್ಲೂ ಚಳಿಯಲ್ಲೂ ಸತ್ತರು. ಮರಳಲು ಅವಕಾಶ ಸಿಕ್ಕಿದ್ದು 1957ರಲ್ಲಿ. ಬುರಿಯಾತರ ಗೆಸೆರ್‌ಗೂ ಅದೇ ಕಾಲದಲ್ಲಿ ಕಂಟಕ ಬಂತು. 1940ರ ದಶಕದ ಕೊನೆಗೆ ಅದನ್ನು ಖಾನರ, ಪಾಳೇಗಾರರ ಕಾವ್ಯವೆಂದು ಖಂಡಿಸಿದರು. ಉಲಾನ್ ಉದೆಯಲ್ಲಿ 1953ರಲ್ಲಿ ವಿದ್ವಾಂಸರು ಸೇರಿ, ಇದು ಜನರದೇ ಕಾವ್ಯ ಎಂದು ವಾದಿಸಿ ಉಳಿಸಿಕೊಂಡರು. ದಾಮ್ದಿನ್‌ಸುರೆನ್ 1957ರಲ್ಲಿ ಗೆಸೆರ್ ಕಥೆಯ ಚಾರಿತ್ರಿಕ ಬೇರುಗಳನ್ನು ಕುರಿತ ತಮ್ಮ ಗ್ರಂಥವನ್ನು ಹೊರತಂದರು.

1943ರಲ್ಲಿ ನಡೆದದ್ದನ್ನು ತೂಲಿಗಳ ಬೆಳಕಿನಲ್ಲಿ ನೋಡಿದರೆ ತಪ್ಪು ಎಲ್ಲಿದೆ ಎಂದು ಸ್ಪಷ್ಟವಾಗುತ್ತದೆ. ತಾಯಿ, ಹೆಂಡತಿ, ಹುಟ್ಟದ ಕೂಸು ಎಲ್ಲರ ಮೇಲೂ ಬೀಳುವ ದಂಡನೆಯನ್ನು ಹಾಡುಗಾರರು ಮಾಂಗಸನಿಗೆ ಮಾತ್ರ ಮೀಸಲಿಟ್ಟಿದ್ದರು. ಪ್ರಭುತ್ವ ಅದನ್ನು ಮನುಷ್ಯರ ಮೇಲೆ ಪ್ರಯೋಗಿಸಿತು. ತೆಮುಜಿನ್ ಕೂಡ ಆ ಮುನ್ನೂರು ಮೆರ್ಕಿತರ ವಿಷಯದಲ್ಲಿ ಅದನ್ನೇ ಮಾಡಿದ್ದ. ಆದರೂ ಮೆರ್ಕಿತರ ಇನ್ನೊಂದು ಶಾಖೆಯ ನಾಯಕನ ಮಗಳು ಖುಲಾನ್ ಅವನ ಪ್ರೀತಿಯ ಹೆಂಡತಿಯಾದಳು, ಜಮುಖನಿಗೆ ಗೌರವದ ಸಾವು ಸಿಕ್ಕಿತು. ಇಡೀ ಜನಾಂಗವನ್ನು ಒಂದೇ ಹೆಸರಿನಡಿ ಶಿಕ್ಷಿಸಿದ ಆಧುನಿಕ ಪ್ರಭುತ್ವಕ್ಕೆ ಅಷ್ಟು ವಿವೇಚನೆಯೂ ಉಳಿದಿರಲಿಲ್ಲ.

ಮಂಗೋಲರ ತೂಲಿ ಪರಂಪರೆಯನ್ನು ಯುನೆಸ್ಕೊ 2009ರಲ್ಲಿ ತುರ್ತು ರಕ್ಷಣೆ ಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಮನೆತನದೊಳಗೇ ತಂದೆಯಿಂದ ಮಗನಿಗೆ ದಾಟಿ ಬರುತ್ತಿದ್ದ ಈ ವಿದ್ಯೆಯನ್ನು ಬಲ್ಲವರು ಈಗ ವಿರಳ. ಅವರ ಜೊತೆ ಅಳಿದುಹೋಗಬಹುದಾದದ್ದು ಸಾವಿರಾರು ಸಾಲಿನ ಹಾಡಷ್ಟೇ ಅಲ್ಲ. ವೈರಿಯಲ್ಲಿ ಮಾಂಗಸನೆಷ್ಟು, ಮನುಷ್ಯನೆಷ್ಟು ಎಂದು ತೂಗಿ ನೋಡುವ ಒಂದು ಹಳೆಯ ತಕ್ಕಡಿಯೂ ಅಳಿಯುತ್ತದೆ. ಯಾವುದೇ ಜನರನ್ನು, ಯಾವುದೇ ಧರ್ಮದವರನ್ನು ಹಲವು ತಲೆಯ ದೈತ್ಯರೆಂದು ಯಾರಾದರೂ ನಮ್ಮೆದುರು ಬಣ್ಣಿಸಿದಾಗ, ಮೊದಲು ಅವರ ಕುಲಗೋತ್ರ ಕೇಳೋಣ, ಅವರ ಮೂರು ಕೊರಗುಗಳನ್ನು ಕೇಳೋಣ. ಹೇಳಲು ಅವರಲ್ಲಿ ಒಂದು ಕೊರಗಾದರೂ ಇದ್ದರೆ ಅವರು ಮಾಂಗಸರಲ್ಲ.